ಅರಗು ಮತ್ತು ಅರಗದ್ದು

ಕನ್ನಡದ ‘ಅರಗು’ ಎಂಬ ಶಬ್ದಕ್ಕಿರುವ ಅರ್ಥಗಳಲ್ಲಿ ಎರಡು ಇಂದಿನ ನನ್ನ ಮಾತಿಗೆ ಬೇಕಾಗಿವೆ. ನಾಮಪದವಾದಾಗ ಅದು ಮರದ ಕೊಂಬೆಯ ಮೇಲೆ ಒಂದು ಜಾತಿಯ ಹುಳು ಕಟ್ಟುವ ಕೆಂಪುಮಿಶ್ರಿತ ಅಂಟು. ಸಂಸ್ಕೃತದವರು ಲಾಕ್ಷಾ ಎಂದು ಕರೆದದ್ದು. ಕ್ರಿಯಾಪದವಾದಾಗ ಅದು ಜೀರ್ಣವಾಗು ಎಂಬುದು. ಉಂಡದ್ದು ಅರಗಿತು ಎನ್ನುತ್ತೇವೆ. ಇವೆರಡಕ್ಕೂ ಮೂಲದಲ್ಲಿ ನಂಟುಂಟೇ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ಆದರೆ ನಮ್ಮ ಕಾಲದ ಒಂದು ವಸ್ತುವಿನ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಂದನ್ನೊಂದು ಸಂಧಿಸಿವೆ. ಆ ವಸ್ತು ಪ್ಲಾಸ್ಟಿಕ್. ಮೊದಲನೆಯ ಅರಗಿಗೆ ಬದಲಾಗಿ ಅದು ಹುಟ್ಟಿತು. ಎರಡನೆಯ ಅರ್ಥದಲ್ಲಿ ಅರಗದೆ ಉಳಿಯಿತು. ಹಸುವಿನ ಹೊಟ್ಟೆಯಲ್ಲಾಗಲಿ, ಕೆರೆಯ ಹೂಳಿನಲ್ಲಾಗಲಿ, ಸಮುದ್ರದ ತಳದಲ್ಲಾಗಲಿ ಅದು ಸುಲಭದಲ್ಲಿ ಅರಗುವುದಿಲ್ಲ ಎಂಬುದೇ ಈಗ ಲೋಕದ ದೂರು.

ಈ ದೂರಿಗೆ ಪರಿಹಾರವೆಂದು ‘ಚಕ್ರೀಯ ಅರ್ಥವ್ಯವಸ್ಥೆ’ ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ತಯಾರಿಸಿದ ವಸ್ತು ಕಸವಾಗಿ ಕೊನೆಗೊಳ್ಳದೆ ಮತ್ತೆ ಕಚ್ಚಾಸಾಮಗ್ರಿಯಾಗಿ ಕಾರ್ಖಾನೆಗೆ ಮರಳಬೇಕು, ಚಕ್ರವು ಪೂರ್ಣವಾಗಬೇಕು ಎಂಬುದು ಇದರ ತಾತ್ಪರ್ಯ. ಆಶಯ ಒಳ್ಳೆಯದೇ. ಆದರೆ ಚಕ್ರ ತಾನಾಗಿ ತಿರುಗುವುದೇ, ತಿರುಗಿಸುವವರು ಯಾರಾದರೂ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಚರಿತ್ರೆಯ ಕಡೆಗೆ ನೋಡಬೇಕು. ನಾನು ಕನ್ನಡದ ಮೇಷ್ಟರು. ರಸಾಯನ ನನ್ನ ಶಾಸ್ತ್ರವಲ್ಲ. ಹಾಗಾಗಿ ಪರಿಚಿತವಾದ ಅರಗಿನ ಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ.

ಪಂಪಭಾರತವನ್ನೋ ಕುಮಾರವ್ಯಾಸನನ್ನೋ ಪಾಠ ಹೇಳುವಾಗ ವಾರಣಾವತದ ಅರಗಿನ ಮನೆಯ ಸಂದರ್ಭ ಬಂದೇ ಬರುತ್ತದೆ. ಪಾಂಡವರನ್ನು ಸುಡಲು ಪುರೋಚನ ಕಟ್ಟಿಸಿದ ಮನೆ ಅದು. “ಸಾರ್, ಅರಗು ಎಂದರೇನು?” ಎಂದು ಹುಡುಗರು ಕೇಳುತ್ತಿದ್ದರು. ಅಂಚೆಯ ಪಾರ್ಸೆಲ್ಲಿನ ಗಂಟಿನ ಮೇಲೆ ಕರಗಿಸಿ ಮುದ್ರೆಯೊತ್ತುವ ಕೆಂಪು ಕಡ್ಡಿಯನ್ನು ತೋರಿಸಿ, ಇದರಲ್ಲಿರುವುದೇ ಅದು ಎಂದು ಹೇಳುತ್ತಿದ್ದೆ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಿಗೆ ಲಕ್ಷಾಂತರ ಸಣ್ಣ ಹುಳುಗಳು ಮುತ್ತಿಕೊಂಡು ಮರದ ರಸವನ್ನು ಹೀರಿ ತಮ್ಮ ಮೈಮೇಲೆ ಈ ಅಂಟಿನ ಕವಚವನ್ನು ಕಟ್ಟಿಕೊಳ್ಳುತ್ತವೆ. ಜನ ಆ ಕೊಂಬೆಗಳನ್ನು ಕಡಿದು, ಕೆರೆದು, ತೊಳೆದು, ಕಾಯಿಸಿ, ಸೋಸಿ, ತೆಳುವಾದ ಹಾಳೆಗಳಾಗಿ ಎಳೆದು ಒಣಗಿಸುತ್ತಾರೆ. ಛೋಟಾ ನಾಗಪುರದ ಕಾಡುಗಳು ಇದರ ತವರು. ಈ ಕೀಟದ ಅಧ್ಯಯನಕ್ಕೆಂದೇ ರಾಂಚಿಯ ಬಳಿಯ ನಾಮಕುಂನಲ್ಲಿ 1924ರಲ್ಲಿ ಒಂದು ಸಂಶೋಧನಾಲಯ ಹುಟ್ಟಿತೆಂದರೆ ಅರಗಿನ ವ್ಯಾಪಾರದ ಮಹತ್ವ ಊಹೆಗೆ ನಿಲುಕೀತು.

ಅರಗಿನ ಗುಣವಿಶೇಷವೆಂದರೆ ಅದು ಬಿಸಿಗೆ ಕರಗುತ್ತದೆ, ತಣಿದರೆ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಚನ್ನಪಟ್ಟಣದ ಬೊಂಬೆಗಾರರು ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಕ್ಕಸಾಲೆ ಪೊಳ್ಳು ಒಡವೆಯೊಳಗೆ ಅರಗು ತುಂಬುತ್ತಾನೆ. ಒಡವೆಯನ್ನು ಮುರಿಯುವ ದಿನ ಅದನ್ನು ಕರಗಿಸಿ ತೆಗೆದು ಚಿನ್ನವನ್ನು ತೂಗುತ್ತಾನೆ. ಆ ಅಂಗಡಿಯಲ್ಲಿ ನೆಲದ ಧೂಳೂ ವ್ಯರ್ಥವಲ್ಲ. ಅದನ್ನು ಗುಡಿಸಿ ಒಯ್ದು ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಆರಿಸುವ ಒಂದು ವೃತ್ತಿಯೇ ನಮ್ಮಲ್ಲಿತ್ತು. ಆ ಕೆಲಸದವನಿಗೆ ಕನ್ನಡದಲ್ಲಿ ಜಲಗಾರನೆಂದು ಹೆಸರು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳುಗರಲ್ಲಿ ಕೋರುತ್ತೇನೆ. ಮುಂದೆ ಅವನು ಮತ್ತೆ ಬರಲಿದ್ದಾನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಅರಗಿಗೆ ಒಂದು ಅಪೂರ್ವ ಭಾಗ್ಯ ಒದಗಿತು. ಅದು ಮನುಷ್ಯನ ಧ್ವನಿಯನ್ನು ಹೊರುವ ವಾಹನವಾಯಿತು. ಎಮಿಲ್ ಬರ್ಲಿನರ್ ಮೊದಲು ಗಟ್ಟಿ ರಬ್ಬರಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಒತ್ತಿಸಿ ನೋಡಿ, 1890ರ ದಶಕದಲ್ಲಿ ಅರಗಿನ ಮಿಶ್ರಣಕ್ಕೆ ತಿರುಗಿದ. ಅರಗು, ನುಣ್ಣಗೆ ಅರೆದ ಕಲ್ಲಿನ ಪುಡಿ, ಬಲಕ್ಕಾಗಿ ಹತ್ತಿಯ ನಾರು, ಕಪ್ಪು ಬಣ್ಣಕ್ಕೆ ಕಾಡಿಗೆ: ಇಷ್ಟನ್ನು ಕಾಯಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅರಗಿನ ಪಾಲು ಮಿಶ್ರಣದಲ್ಲಿ ಕಡಮೆಯೇ. ಆದರೆ ಉಳಿದೆಲ್ಲವನ್ನೂ ಹಿಡಿದಿಡುವುದು ಅದೇ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದುಂಟು. ತಟ್ಟೆ ತಯಾರಾಗುತ್ತಿದ್ದ ಜರ್ಮನಿಯ ಹ್ಯಾನೋವರಿನವರಿಗೆ ಯಾರ ಹಾಡೆಂದು ತಿಳಿಯಲೆಂದು ಆ ಪದ್ಧತಿ. ಸ್ವಲ್ಪ ಯೋಚಿಸಿ ನೋಡಿ. ಆ ಕಾಲದಲ್ಲಿ ಲೋಕದ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳಿಂದ ಕಲ್ಕತ್ತೆಯ ಬಂದರಿನ ಮೂಲಕವೇ ಹೊರಗೆ ಹೋಗುತ್ತಿತ್ತು. ಅರಗು ಹಡಗೇರಿ ಹೋಗಿ, ನಮ್ಮ ಸಂಗೀತವನ್ನು ಹೊತ್ತ ತಟ್ಟೆಯಾಗಿ ನಮಗೇ ಮಾರಾಟಕ್ಕೆ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಸುತ್ತು ತಪ್ಪಿತು. ಆ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಕನ್ನಡನಾಡಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದ ಆಕೆ, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ನಮ್ಮ ಅಜ್ಜಿಯ ಮನೆಯಲ್ಲಿ ಇಂಥ ಹಳೆಯ ತಟ್ಟೆಗಳ ಒಂದು ಪೆಟ್ಟಿಗೆ ಇತ್ತು. ಬಿರುಕು ಬಿಟ್ಟು ಹಾಡದಂತಾದ ತಟ್ಟೆಯನ್ನು ಅಜ್ಜಿ ಎಸೆಯುತ್ತಿರಲಿಲ್ಲ. ಕುದಿಯುವ ನೀರಿನ ಹಂಡೆಯಲ್ಲಿ ಅದ್ದಿ, ಮೆದುವಾದಾಗ ಬೋಗುಣಿಯ ಮೇಲೆ ಮಗುಚಿ ಅಂಚನ್ನು ಒತ್ತಿ, ಹೂವಿಡುವ ಬಟ್ಟಲು ಮಾಡುತ್ತಿದ್ದರು. “ಹಾಡೋ ತನಕ ಹಾಡ್ತು, ಇನ್ನು ಹೂ ಹೊರಲಿ ಬಿಡೋ ಮಗು” ಎಂದು ಅವರ ಸಮಾಧಾನ. ಕಾಯಿಸಿದರೆ ಮೆತ್ತಗಾಗುವ ವಸ್ತುವಿನ ಶಾಸ್ತ್ರವನ್ನು ನಾನು ಕಲಿತದ್ದು ಆ ಹಂಡೆಯ ಬಳಿಯಲ್ಲೇ.

ಅಜ್ಜಿ ಒಲೆಯ ಮುಂದೆ ಮಾಡಿದ್ದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಗಳೂ ಕಂಪನಿಗಳೂ ದೊಡ್ಡ ಪ್ರಮಾಣದಲ್ಲಿ ಮಾಡಿದ್ದವು. ಏಷ್ಯಾದ ಸಮುದ್ರಮಾರ್ಗಗಳು ಯುದ್ಧಕ್ಕೆ ಸಿಕ್ಕಿ, ಅರಗಿನ ಸರಬರಾಜು ಕುಗ್ಗಿತು. ಇದ್ದಷ್ಟು ಅರಗು ಸೇನೆಯ ಕೆಲಸಗಳಿಗೆ ಬೇಕಾಯಿತು. 1942ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧೋತ್ಪಾದನಾ ಮಂಡಳಿ ನಾಗರಿಕ ಉಪಯೋಗದ ಅರಗನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ಹೊಸ ಗ್ರಾಮಫೋನ್ ತಟ್ಟೆ ಬೇಕೆಂದವರು ಹಳೆಯ ತಟ್ಟೆಯನ್ನು ಅಂಗಡಿಗೆ ತಂದುಕೊಡಬೇಕೆಂಬ ಏರ್ಪಾಡು ಬಂತು. ಇಂಗ್ಲೆಂಡಿನಲ್ಲೂ ಹಳೆಯ ತಟ್ಟೆಗಳನ್ನು ಹೀಗೆಯೇ ಕೂಡಿಸಿದರು. ಮನೆಮನೆಯ ಅಟ್ಟದಿಂದ ಇಳಿದ ತಟ್ಟೆಗಳನ್ನು ಪುಡಿ ಮಾಡಿ, ಕಾಯಿಸಿ, ಹೊಸ ಹಾಡುಗಳನ್ನು ಒತ್ತಿದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಅದೊಂದು ಚೊಕ್ಕವಾದ ಚಕ್ರೀಯ ಅರ್ಥವ್ಯವಸ್ಥೆ.

ಈ ಪ್ರಸಂಗದಲ್ಲಿ ಎರಡು ಸಂಗತಿಗಳು ಅಡಗಿವೆ. ಒಂದನೆಯದು: ಅರಗು ಮೊದಲಿನಿಂದಲೂ ಕರಗಬಲ್ಲ ವಸ್ತುವೇ ಆಗಿತ್ತು. ಆದರೂ 1942ಕ್ಕೆ ಮೊದಲು ಹಳೆಯ ತಟ್ಟೆಗಳನ್ನು ಊರೂರಿನಲ್ಲಿ ಹುಡುಕಿ ತರುವ ಉತ್ಸಾಹ ಯಾರಿಗೂ ಇರಲಿಲ್ಲ. ಕೊರತೆ ಬಂತು, ಒಡಕು ತಟ್ಟೆಗೂ ಬೆಲೆ ಬಂತು, ಚಕ್ರ ತಿರುಗಿತು. ಎರಡನೆಯದು ಸ್ವಲ್ಪ ನೋವಿನದು. ಪುಡಿಯಾದ ತಟ್ಟೆಯ ಅರಗು ಮಾತ್ರ ಉಳಿಯಿತು. ಅದರ ಮೇಲಿದ್ದ ಧ್ವನಿ ಅಳಿಯಿತು. ಮತ್ತೆಲ್ಲೂ ಪ್ರತಿಯಿಲ್ಲದ ಎಷ್ಟೋ ಹಾಡುಗಳು ಆ ಗಿರಣಿಗಳಲ್ಲಿ ಶಾಶ್ವತವಾಗಿ ಮೌನವಾದವು. ದ್ರವ್ಯ ಉಳಿದು ರೂಪ ಅಳಿಯುವುದು ಒಂದು ಬಗೆ. ರೂಪವೇ ಉಳಿದು ಬೇರೆಯವರ ಕೈಗೆ ಹೋಗುವುದು ಇನ್ನೊಂದು ಬಗೆ. ನಾವು ಎರಡನ್ನೂ ‘ಮರುಬಳಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಕೌದಿಯಲ್ಲಿ ಸೀರೆಯ ಹೂವು ಬಳ್ಳಿ ಇನ್ನೂ ಕಾಣುತ್ತವೆ. ಗುಜರಿಯ ಬಕೆಟ್ಟು ಕರಗಿ ಪೈಪಾದಾಗ ಬಕೆಟ್ಟಿನ ಗುರುತೂ ಉಳಿಯುವುದಿಲ್ಲ. ಮೊದಲನೆಯದಕ್ಕೆ ಸೂಜಿ ದಾರ ಸಾಕು; ಎರಡನೆಯದಕ್ಕೆ ಬೆಂಕಿ, ನೀರು, ಯಂತ್ರ ಎಲ್ಲವೂ ಬೇಕು.

ಇನ್ನು ಪ್ಲಾಸ್ಟಿಕ್ಕಿನ ಜನನವೃತ್ತಾಂತಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ತಿನ ಉದ್ಯಮ ಬೆಳೆದಂತೆ ತಂತಿಗಳಿಗೆ ನಿರೋಧಕವಾಗಿ ಅರಗಿನ ಬೇಡಿಕೆ ಏರಿತು. ಹುಳುಗಳು ಮಾತ್ರ ತಮ್ಮ ವೇಗದಲ್ಲೇ ಕೆಲಸ ಮಾಡುತ್ತಿದ್ದವು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಜ್ಞ ಅರಗಿಗೆ ಕೃತಕ ಬದಲಿಯನ್ನು ಹುಡುಕಲು ಹೊರಟ. 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಅವನಿಗೆ ದೊರೆತದ್ದು ಬೇಕಲೈಟ್. ಪೂರ್ಣವಾಗಿ ಮನುಷ್ಯನೇ ಕೂಡಿಸಿದ ಮೊದಲ ಪ್ಲಾಸ್ಟಿಕ್. ನಮ್ಮ ಮನೆಗಳ ಹಳೆಯ ಕಪ್ಪು ಸ್ವಿಚ್ಚುಗಳು, ಟೆಲಿಫೋನುಗಳು, ಒಂದು ಕಾಲದ ರೇಡಿಯೋ ಪೆಟ್ಟಿಗೆಗಳು ಅದರಿಂದಲೇ ಆದವು.

ಆದರೆ ಬೇಕಲೈಟಿಗೆ ಅರಗಿನ ಒಂದು ಗುಣ ಬರಲಿಲ್ಲ. ಒಮ್ಮೆ ಗಟ್ಟಿಯಾದರೆ ಅದು ಮತ್ತೆ ಕರಗದು. ಅಡಿಗೆಮನೆಯ ಉಪಮೆಯಲ್ಲಿ ಹೇಳುವುದಾದರೆ ಪ್ಲಾಸ್ಟಿಕ್ಕುಗಳಲ್ಲಿ ಬೆಲ್ಲದ ಜಾತಿ, ಇಡ್ಲಿಯ ಜಾತಿ ಎಂದು ಎರಡುಂಟು. ಬೆಲ್ಲವನ್ನು ಕರಗಿಸಿ ಪಾಕ ಮಾಡಿ ಮತ್ತೆ ಅಚ್ಚು ಹಾಕಬಹುದು. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟಾಗಿಸಲಾಗದು. ಬೇಕಲೈಟ್ ಇಡ್ಲಿಯ ಜಾತಿ. ಬೆಲ್ಲದ ಜಾತಿಯವು ಆಮೇಲೆ ಬಂದವು. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರಿಗೆ ಬೇರೆ ಏನನ್ನೋ ಮಾಡಲು ಹೋದಾಗ ಪಾತ್ರೆಯ ತಳದಲ್ಲಿ ಮೇಣದಂಥ ಪಾಲಿಥೀನ್ ಸಿಕ್ಕಿತು. ಯುದ್ಧಕಾಲದಲ್ಲಿ ಅದು ರೇಡಾರಿನ ತಂತಿಗಳಿಗೆ ಹೊದಿಕೆಯಾಯಿತು. ನೀರಿನ ಬಾಟಲಿಗಳ ಪಾಲಿಯೆಸ್ಟರ್ 1941ರದು. 1948ರಲ್ಲಿ ಗ್ರಾಮಫೋನ್ ತಟ್ಟೆಯೂ ಅರಗನ್ನು ಬಿಟ್ಟು ವಿನೈಲ್ ಎಂಬ ಪ್ಲಾಸ್ಟಿಕ್ಕಿನತ್ತ ತಿರುಗಿತು. ನಮ್ಮ ದೇಶದಲ್ಲಿ 1957ರಲ್ಲಿ ಪಾಲಿಸ್ಟೈರೀನಿನ ತಯಾರಿಕೆ ಆರಂಭವಾಯಿತು. 1969ರಲ್ಲಿ ವಡೋದರದ ಸರ್ಕಾರಿ ಪೆಟ್ರೋರಸಾಯನ ಸಂಸ್ಥೆ ಸ್ಥಾಪನೆಗೊಂಡಿತು.

ಬೆಲ್ಲದ ಜಾತಿಯ ಪ್ಲಾಸ್ಟಿಕ್ಕೂ ಎಷ್ಟು ಬಾರಿಯಾದರೂ ಕರಗಿ ಹೊಸದಾಗುತ್ತದೆಯೇ? ಇಲ್ಲ. ಪ್ರತಿಯೊಂದು ಕಾವಿಗೂ ಅದರ ಉದ್ದನೆಯ ಅಣುಗಳ ಸರಪಳಿ ಕಡಿದು ಚಿಕ್ಕದಾಗುತ್ತದೆ, ಬಲ ಕುಗ್ಗುತ್ತದೆ. ಹಲವು ಬಣ್ಣಗಳು ಬೆರೆತದ್ದನ್ನು ಬೇರ್ಪಡಿಸಲಾಗುವುದಿಲ್ಲವಾದ್ದರಿಂದ ಮರುಹುಟ್ಟು ಪಡೆದ ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣವೇ ಗತಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಬಾಂಡಲಿ, ಕಪ್ಪು ಪೈಪು, ಸಸಿ ನೆಡುವ ಕಪ್ಪು ಕುಂಡಗಳ ಗುಟ್ಟು ಇದು. ನೀರಿನ ಬಾಟಲಿ ಕರಗಿ ದಾರವಾಗಿ ಬಟ್ಟೆಯಾಗುವುದೂ ಉಂಟು. 2015ರ ವಿಶ್ವಕಪ್ಪಿನಲ್ಲಿ ನಮ್ಮ ಕ್ರಿಕೆಟ್ ತಂಡ ತೊಟ್ಟ ಅಂಗಿಗಳು ಹೀಗೆ ಬಾಟಲಿಗಳಿಂದ ಆದವು. ಚೆಲುವಾದ ಮಾತೇ. ಆದರೆ ಆ ಅಂಗಿ ಹರಿದ ಮೇಲೆ ಅದು ಮತ್ತೆ ಬಾಟಲಿಯಾಗುವುದು ವಿರಳ. ಚಕ್ರವೆಂದು ನಾವು ಕರೆಯುವುದು ಬಹುಪಾಲು ಇಳಿಯುವ ಮೆಟ್ಟಿಲು. ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ತಿಪ್ಪೆಯನ್ನೇ ಸೇರುತ್ತದೆ. ಹಾಗೆಂದು ಮೆಟ್ಟಿಲು ವ್ಯರ್ಥವಲ್ಲ. ನಾಲ್ಕು ಮೆಟ್ಟಿಲು ಇಳಿಯುವ ವಸ್ತು ನಾಲ್ಕು ಬಾರಿ ಉಪಯೋಗಕ್ಕೆ ಬಂದಿರುತ್ತದೆ.

ಪ್ಲಾಸ್ಟಿಕ್ಕು ನಮ್ಮ ಪಟ್ಟಣಗಳ ಮನೆಗಳಿಗೆ ಬಂದಾಗ ಅಲ್ಲಿ ಮೊದಲೇ ಒಂದು ಚಕ್ರ ತಿರುಗುತ್ತಿತ್ತು. ಹಳೆಯ ಪೇಪರು, ಖಾಲಿ ಸೀಸೆ ಎಂದು ಕೂಗುತ್ತ ಒಬ್ಬ ಬರುತ್ತಿದ್ದ. ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವ ಹೆಂಗಸರು ಜಗಲಿಯ ಮೇಲೆ ಬುಟ್ಟಿ ಇಳಿಸಿ ಅರ್ಧ ದಿನ ಚೌಕಾಸಿ ನಡೆಸುತ್ತಿದ್ದರು. ಬಾಚಣಿಗೆಯಲ್ಲಿ ಉದುರಿದ ಕೂದಲನ್ನು ಗೋಡೆಯ ಸಂದಿಯಲ್ಲಿ ಕೂಡಿಟ್ಟು ಪಿನ್ನಿಗೆ ವಿನಿಮಯ ಮಾಡುತ್ತಿದ್ದರು. ಆ ಮನೆಗಳಲ್ಲಿ ಪ್ಲಾಸ್ಟಿಕ್ಕು ಮೊದಲು ಗೌರವದ ಅತಿಥಿಯಂತೆ ಇತ್ತು. ಬಕೆಟ್ಟು ಬಿರಿದರೆ ಕಾದ ಕಬ್ಬಿಣದಿಂದ ಬೆಸುಗೆ ಹಾಕಿಸಿಕೊಳ್ಳುತ್ತಿದ್ದೆವು. ಅದೂ ಮುಗಿದರೆ ಗುಜರಿಯವನಿಗೆ ಹೋಗುತ್ತಿತ್ತು. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕಟ್ಟಿಡುವ ಗೃಹಿಣಿಯರು ಇಂದಿಗೂ ಇದ್ದಾರೆ.

ಈ ಚಕ್ರದೊಳಕ್ಕೆ ಪ್ರವೇಶವೇ ಪಡೆಯದ ಪ್ಲಾಸ್ಟಿಕ್ಕು ಬಂದದ್ದು 1980ರ ದಶಕದಿಂದೀಚೆಗೆ ಹಬ್ಬಿದ ಸಣ್ಣ ಪೊಟ್ಟಣದ ರೂಪದಲ್ಲಿ. ಒಂದು ಸ್ನಾನಕ್ಕೆ ಸಾಲುವ ಶಾಂಪೂ, ಒಂದು ಬಾರಿ ಜಗಿಯುವ ಅಡಿಕೆಪುಡಿ, ಒಂದು ಹಿಡಿ ಕುರುಕಲು ತಿಂಡಿ. ಬಡವನ ಕೈಗೂ ಒಂದೆರಡು ರೂಪಾಯಿಗೆ ಎಟುಕುವ ವಸ್ತು ಎಂಬ ಹಿರಿಮೆ ಅದಕ್ಕಿತ್ತು. ಆದರೆ ಆ ಪೊಟ್ಟಣದಲ್ಲಿ ಬೇರೆಬೇರೆ ಜಾತಿಯ ಪ್ಲಾಸ್ಟಿಕ್ಕಿನ ಪದರಗಳೂ ಅಲ್ಯುಮಿನಿಯಂ ಲೇಪವೂ ಒಂದಕ್ಕೊಂದು ಬಿಡಿಸಲಾರದಂತೆ ಅಂಟಿಕೊಂಡಿರುತ್ತವೆ.

ನಮ್ಮ ಬಡಾವಣೆಯ ಗುಜರಿ ಅಂಗಡಿಯಾತ ಒಮ್ಮೆ ನನಗೆ ಈ ಪಾಠವನ್ನು ಹೇಳಿಕೊಟ್ಟ. ಒಂದು ತುಣುಕನ್ನು ಬಗ್ಗಿಸಿ ನೋಡುತ್ತಾನೆ, ಇನ್ನೊಂದನ್ನು ನೆಲಕ್ಕೆ ಬಡಿದು ಸದ್ದು ಕೇಳುತ್ತಾನೆ, ಅನುಮಾನ ಬಂದರೆ ಅಂಚನ್ನು ಸುಟ್ಟು ಮೂಸುತ್ತಾನೆ, ಇಲ್ಲವೇ ನೀರಿಗೆ ಹಾಕುತ್ತಾನೆ; ಪಾಲಿಥೀನಿನ ಜಾತಿ ತೇಲುತ್ತದೆ, ಬಾಟಲಿಯ ಜಾತಿ ಮುಳುಗುತ್ತದೆ. “ಇದೆಲ್ಲ ಎಲ್ಲಿ ಕಲಿತೆಯಪ್ಪ?” ಎಂದೆ. “ಹೊಟ್ಟೆ ಕಲಿಸ್ತದೆ ಮೇಷ್ಟ್ರೇ” ಎಂದು ನಕ್ಕ. ತಿಂಡಿಯ ಪೊಟ್ಟಣವನ್ನು ತೋರಿಸಿದೆ. “ಅದು ಬೇಡ ಮೇಷ್ಟ್ರೇ, ಬಿಟ್ಟಿ ಕೊಟ್ಟರೂ ಯಾರೂ ತಗೊಳ್ಳಲ್ಲ” ಎಂದ. ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಆ ಮಾತಿನಲ್ಲಿದೆ. ಬೆಲೆಯುಳ್ಳ ಬಾಟಲಿ ಬೀದಿಯಲ್ಲಿ ಹೆಚ್ಚು ಹೊತ್ತು ಬಿದ್ದಿರುವುದಿಲ್ಲ, ಯಾರೋ ಬಂದು ಎತ್ತಿಕೊಳ್ಳುತ್ತಾರೆ. ಬೆಲೆಯಿಲ್ಲದ ಪೊಟ್ಟಣ ಮೋರಿಯಲ್ಲಿ ಉಳಿದು, ಮಳೆ ಬಂದ ದಿನ ತನ್ನ ಇರವನ್ನು ತಿಳಿಸುತ್ತದೆ.

ಮೂರು ಬಾಣಗಳು ಒಂದನ್ನೊಂದು ಹಿಂಬಾಲಿಸುವ ತ್ರಿಕೋನದ ಚಿಹ್ನೆಯನ್ನು ತಾವೆಲ್ಲ ಡಬ್ಬಗಳ ತಳದಲ್ಲಿ ಕಂಡಿರುತ್ತೀರಿ. 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ, ಕಾಗದದ ಪುನಃಸಂಸ್ಕರಣವನ್ನು ಸೂಚಿಸಲು ಇದನ್ನು ಬರೆದ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಇಂಥದೇ ತ್ರಿಕೋನದೊಳಗೆ 1ರಿಂದ 7ರ ವರೆಗಿನ ಅಂಕಿಗಳನ್ನಿಟ್ಟು ಪ್ಲಾಸ್ಟಿಕ್ಕಿನ ಜಾತಿಯನ್ನು ಗುರುತಿಸತೊಡಗಿದರು. ಅಂಕಿ ಹೇಳುವುದು ಜಾತಿಯನ್ನು ಮಾತ್ರ. ಬಾಣಗಳನ್ನು ಕಂಡ ಜನ ಅದು ಮರಳಿ ಬರುವುದೆಂಬ ಭರವಸೆಯೆಂದು ತಿಳಿದರು. ಭರವಸೆ ಎಷ್ಟು ನಡೆಯಿತು? 2017ರಲ್ಲಿ ಪ್ರಕಟವಾದ ಅಮೆರಿಕದ ವಿಜ್ಞಾನಿಗಳ ಒಂದು ಲೆಕ್ಕದಂತೆ, 2015ರ ವರೆಗೆ ಲೋಕದಲ್ಲಿ ತಯಾರಾದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್ನು. ಅದರಲ್ಲಿ ಕಸವಾದದ್ದು 630 ಕೋಟಿ ಟನ್ನು. ಆ ಕಸದಲ್ಲಿ ಮತ್ತೆ ಸಂಸ್ಕಾರ ಪಡೆದದ್ದು ಶೇಕಡಾ 9. ಸುಟ್ಟದ್ದು ಶೇಕಡಾ 12. ಉಳಿದ 79 ಪಾಲು ಹಳ್ಳದಲ್ಲೋ ಬಯಲಿನಲ್ಲೋ ಕಡಲಿನಲ್ಲೋ ಇದೆ.

ನಮ್ಮ ದೇಶದ ಕಾನೂನುಗಳ ಚರಿತ್ರೆಯಲ್ಲೂ ಈ ಬೆಲೆಯ ಮಾತು ಮರೆಯಲ್ಲಿ ನಿಂತಿದೆ. ಪ್ಲಾಸ್ಟಿಕ್ಕನ್ನು ಕುರಿತು ಇಡೀ ದೇಶಕ್ಕೆ ಅನ್ವಯಿಸುವ ಮೊದಲ ನಿಯಮಾವಳಿ ಬಂದದ್ದು 1999ರಲ್ಲಿ. ಅದರ ಹೆಸರಿನಲ್ಲೇ ಪುನಃಸಂಸ್ಕೃತ ಪ್ಲಾಸ್ಟಿಕ್ಕು ಇತ್ತು. ಅಂಥ ಚೀಲಗಳಲ್ಲಿ ತಿನ್ನುವ ಪದಾರ್ಥವನ್ನು ಕೊಡಕೂಡದೆಂದು ಅದು ತಡೆಯಿತು. ಚೀಲದ ದಪ್ಪ 20 ಮೈಕ್ರಾನಿಗೆ, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕೆ ಕಡಮೆ ಇರಕೂಡದೆಂದಿತು. ಈ ಮಿತಿ 2011ರಲ್ಲಿ 40 ಆಯಿತು, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. ದಪ್ಪವನ್ನು ಏಕೆ ಏರಿಸುತ್ತ ಹೋದರು? ತೀರ ತೆಳುವಾದ ಚೀಲಗಳನ್ನು ಸಾವಿರಗಟ್ಟಲೆ ಆಯ್ದರೂ ಆಯುವವನ ಮಡಿಲಿಗೆ ತೂಕ ಬರುವುದಿಲ್ಲ. ದಪ್ಪ ಚೀಲವಾದರೆ ಬಗ್ಗಿ ಎತ್ತಿದ್ದಕ್ಕೆ ಸಾರ್ಥಕ. ಕರ್ನಾಟಕ 2016ರ ಮಾರ್ಚಿನಲ್ಲಿ ಇನ್ನೂ ಮುಂದೆ ಹೋಗಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದವನ್ನು ನಿಷೇಧಿಸಿತು. ಆದರೂ ತರಕಾರಿಯ ಗಾಡಿಯಲ್ಲಿ ಚೀಲ ಸಿಗುತ್ತಲೇ ಇರುವುದನ್ನು ತಾವು ಬಲ್ಲಿರಿ.

ಈಗ ಜಲಗಾರನ ಕಡೆಗೆ ತಿರುಗುತ್ತೇನೆ. ಚಿನ್ನದ ಧೂಳನ್ನು ತೊಳೆಯುವವನಿಗಿದ್ದ ಈ ಹೆಸರು ಬೀದಿ ಗುಡಿಸುವವನಿಗೂ ಸಂದಿತು. ಕುವೆಂಪು ಅವರ ‘ಜಲಗಾರ’ ನಾಟಕದಲ್ಲಿ ಶಿವನೇ ಕಸಗುಡಿಸುವವನ ರೂಪದಲ್ಲಿ ಬಂದು ಅಂಥವನೊಬ್ಬನ ಮುಂದೆ ನಿಲ್ಲುತ್ತಾನೆ. ನಾಟಕವನ್ನು ಓದಿ ತಲೆದೂಗಿದ ನಮ್ಮ ಓದುಗವರ್ಗ, ಹೆಗಲಿಗೆ ಗೋಣಿಚೀಲ ಹಾಕಿಕೊಂಡು ನಸುಕಿನಲ್ಲಿ ಬೀದಿಗೆ ಬರುವ ಹೆಂಗಸನ್ನು ಕಂಡಾಗ ಗೇಟಿನ ಚಿಲಕವನ್ನು ಭದ್ರಪಡಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಚಕ್ರ ಈ ದೇಶದಲ್ಲಿ ಎಷ್ಟು ತಿರುಗಿದೆಯೋ ಅಷ್ಟೂ ಈ ಕೈಗಳಿಂದಲೇ ತಿರುಗಿದೆ. ಅವರು ಆಯುತ್ತಾರೆ, ಗುಜರಿಯವನು ಜಾತಿವಾರು ವಿಂಗಡಿಸುತ್ತಾನೆ, ದೊಡ್ಡ ವ್ಯಾಪಾರಿ ಕೂಡಿಹಾಕುತ್ತಾನೆ, ಕಾರ್ಖಾನೆಯವನು ತೊಳೆದು, ಕತ್ತರಿಸಿ, ಕರಗಿಸಿ, ಶ್ಯಾವಿಗೆಯಂತೆ ಎಳೆದು, ತುಂಡರಿಸಿ ಗುಂಡುಮಣಿಗಳನ್ನಾಗಿ ಮಾಡುತ್ತಾನೆ. ಮೇಲಿನ ಮೆಟ್ಟಿಲಿಗೆ ಹೋದಂತೆ ಲಾಭ. ಕೆಳಗಿನ ಮೆಟ್ಟಿಲಿನಲ್ಲಿ ಸೀಳಿದ ಬೆರಳು.

ಪೇಟೆಯ ಏರಿಳಿತದ ಪೆಟ್ಟು ಮೊದಲು ಬೀಳುವುದೂ ಆ ಬೆರಳಿಗೇ. 2008ರ ಜುಲೈನಲ್ಲಿ ಪೀಪಾಯಿಗೆ 147 ಡಾಲರಿಗೆ ಏರಿದ್ದ ಕಚ್ಚಾತೈಲದ ಬೆಲೆ ಆ ವರ್ಷದ ಡಿಸೆಂಬರಿನ ವೇಳೆಗೆ 40ಕ್ಕೂ ಕೆಳಗೆ ಇಳಿಯಿತು. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕು ಅಗ್ಗ. ಹೊಸದು ಅಗ್ಗವಾದರೆ ಹಳೆಯದನ್ನು ಕೇಳುವವರಿಲ್ಲ. ದೂರದ ದೇಶಗಳ ಬ್ಯಾಂಕುಗಳು ಮುಗ್ಗರಿಸಿದಾಗ ನಮ್ಮ ಚಿಂದಿ ಆಯುವವರ ಗೋಣಿಚೀಲದ ಬೆಲೆಯೂ ಕುಸಿಯಿತು.

ಇವರನ್ನು ಸಂಘಟಿಸುವ ಯತ್ನಗಳು ನಡೆಯದೆ ಇಲ್ಲ. ಪುಣೆಯಲ್ಲಿ 1993ರಲ್ಲಿ ಚಿಂದಿ ಆಯುವವರ ಸಂಘಟನೆಯೊಂದು ಹುಟ್ಟಿ, ಮುಂದೆ ಅವರದೇ ಸಹಕಾರ ಸಂಸ್ಥೆ ನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಸಂಗ್ರಹಕ್ಕೆ ನಿಂತಿತು. ಬೆಂಗಳೂರಿನಲ್ಲಿ 2011ರಲ್ಲಿ ಹಸಿರು ದಳ ಆರಂಭವಾಯಿತು. ಆ ಕಾಲದಲ್ಲೇ ಅಂದಿನ ಮಹಾನಗರಪಾಲಿಕೆ ಇವರಿಗೆ ಗುರುತಿನ ಚೀಟಿಗಳನ್ನು ಕೊಡತೊಡಗಿತು. ಕಳ್ಳರೆಂದು ಹಿಡಿಸಿಕೊಳ್ಳುವ ಭಯದಲ್ಲಿ ಬದುಕಿದವರಿಗೆ ಹೆಸರೂ ಭಾವಚಿತ್ರವೂ ಇರುವ ಒಂದು ಚೀಟಿ ಎಂದರೆ ಅಲ್ಪವಲ್ಲ.

ಬೆಲೆಯಿಲ್ಲದ ಪ್ಲಾಸ್ಟಿಕ್ಕಿಗೆ ಬೆಲೆ ತರುವ ಸಾಹಸಗಳಲ್ಲಿ ಪ್ಲಾಸ್ಟಿಕ್ ರಸ್ತೆಯನ್ನು ಹೇಳಲೇಬೇಕು. ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ರಸಾಯನದ ಪ್ರಾಧ್ಯಾಪಕ ಆರ್. ವಾಸುದೇವನ್, ತೆಳು ಪ್ಲಾಸ್ಟಿಕ್ಕನ್ನು ಚೂರು ಮಾಡಿ ಕಾದ ಜಲ್ಲಿಯ ಮೇಲೆ ಹರಡಿದರೆ ಅದು ಕರಗಿ ಕಲ್ಲಿಗೆ ಅಂಟಿ, ಆಮೇಲೆ ಹಾಕುವ ಡಾಂಬರನ್ನು ಬಿಗಿಯಾಗಿ ಹಿಡಿಯುತ್ತದೆಂದು ತೋರಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನಲ್ಲಿಯೂ ಈ ಶತಮಾನದ ಆರಂಭದಲ್ಲೇ ಡಾಂಬರಿಗೆ ಪ್ಲಾಸ್ಟಿಕ್ ಪುಡಿ ಬೆರೆಸಿ ರಸ್ತೆಗಳನ್ನು ಹಾಕಿದರು. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸು ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು. ಚನ್ನಪಟ್ಟಣದ ಬೊಂಬೆಗಾರ ಮರಕ್ಕೆ ಅರಗು ಹತ್ತಿಸುವ ವಿದ್ಯೆಯನ್ನೇ ಇಲ್ಲಿ ಜಲ್ಲಿಗೆ ಹತ್ತಿಸಿದ್ದಾರೆ ಎನ್ನಬಹುದು. ಆದರೆ ರಸ್ತೆ ಚಕ್ರದ ಕೊನೆಯ ಮೆಟ್ಟಿಲು. ಅಲ್ಲಿ ಸೇರಿದ ಪೊಟ್ಟಣ ಮತ್ತೆ ಪೊಟ್ಟಣವಾಗದು. ಮಾಡುವವನು ಮಾಡುತ್ತಲೇ ಇದ್ದರೆ ನಾಡಿನ ರಸ್ತೆಗಳೆಲ್ಲವೂ ಸಾಲವು.

ಆದ್ದರಿಂದ ಮಾಡುವವನ ಬಳಿಗೇ ಹೋಗಬೇಕಾಗಿದೆ. 2016ರ ಕೇಂದ್ರ ನಿಯಮಗಳೂ 2022ರ ಮಾರ್ಗಸೂಚಿಗಳೂ ಪೊಟ್ಟಣವನ್ನು ಪೇಟೆಗೆ ಬಿಟ್ಟವನೇ ಅದನ್ನು ಮರಳಿ ಪಡೆಯುವ ಹೊಣೆ ಹೊರಬೇಕೆಂದು ವಿಧಿಸಿವೆ. ಹೊಸ ಪೊಟ್ಟಣದಲ್ಲಿ ಹಳೆಯ ಪ್ಲಾಸ್ಟಿಕ್ಕಿನ ಪಾಲು ವರ್ಷವರ್ಷಕ್ಕೆ ಏರಬೇಕೆಂದೂ ಹೇಳಿವೆ. ದಿಕ್ಕು ಸರಿಯಾದದ್ದು. ಆದರೆ ಈ ಹೊಣೆ ಕಾಗದದ ಮೇಲಿನ ಲೆಕ್ಕಪತ್ರಗಳ ವಿನಿಮಯದಲ್ಲಿಯೇ ಮುಗಿದು, ನಸುಕಿನಲ್ಲಿ ಬಗ್ಗುವ ಬೆನ್ನಿಗೆ ಒಂದು ಕಾಸೂ ತಲಪದೆ ಹೋದರೆ ಚಕ್ರ ಕಾಗದದಲ್ಲಿಯೇ ತಿರುಗೀತು.

ಅರಗಿನ ಚರಿತ್ರೆಯಿಂದ ನಾನು ಕಂಡುಕೊಂಡದ್ದು ಇಷ್ಟು. ವಸ್ತು ಕರಗಬಲ್ಲುದು ಎಂಬುದು ಅರ್ಧ ಮಾತು. ಕೊರತೆಯೋ, ಬೆಲೆಯೋ, ಕಟ್ಟಳೆಯೋ ಅದನ್ನು ಎತ್ತಿಕೊಳ್ಳಲು ಒಬ್ಬರಿಗೆ ಕಾರಣ ಕೊಡಬೇಕು. ಎತ್ತಿದ ಕೈಗೆ ಕೂಲಿ ದೊರೆಯಬೇಕು. ಅದು ಉಳಿದರ್ಧ. 1942ರಲ್ಲಿ ಯುದ್ಧ ಆ ಕಾರಣವನ್ನು ಒದಗಿಸಿತು. ನಮಗೆ ಯುದ್ಧ ಬೇಕಾಗಿಲ್ಲ; ವಿವೇಕ ಸಾಕು. ಎತ್ತಿಕೊಳ್ಳಲು ಯಾರೂ ಒಪ್ಪದ ವಸ್ತುವನ್ನು ತಯಾರಿಸುವವನು ಅದನ್ನು ಎತ್ತುವ ಕೂಲಿಯನ್ನು ಮೊದಲೇ ಕೊಟ್ಟು ತಯಾರಿಸಲಿ. ಕೊಡಲಾರನಾದರೆ ಬೇರೆ ರೀತಿಯಲ್ಲಿ ಕಟ್ಟಿಕೊಡಲಿ. ಕೊಳ್ಳುವ ನಾವು, ಬಾಣದ ಗುರುತನ್ನು ನೋಡಿ ಸಮಾಧಾನಪಡುವುದಕ್ಕೆ ಮೊದಲು, ಇದನ್ನು ನಮ್ಮ ಬೀದಿಯ ಗುಜರಿಯವನು ಕೊಂಡಾನೇ ಎಂದು ಒಮ್ಮೆ ಕೇಳಿಕೊಳ್ಳೋಣ. ಅವನು ಬೇಡವೆಂದದ್ದು ಅರಗದ್ದು. ಭೂಮಿಗೂ ಅರಗದು, ನಮ್ಮ ಮೊಮ್ಮಕ್ಕಳಿಗೂ ಅರಗದು.